ಪ್ರೋಬಯಾಟಿಕ್ ಡ್ರಾಪ್ಸ್ ಬಗ್ಗೆ, ದಯವಿಟ್ಟು ಓದಿ

ಎಲ್ಲರಿಗೂ ನಮಸ್ಕಾರ. ಅವಧಿಗೆ ಮುಂಚೆ ಹುಟ್ಟಿದ ಮಕ್ಕಳ ಅಪ್ಪ ಅಮ್ಮಂದಿರು ಗಮನಿಸಿ. ಗುಂಪಿನಲ್ಲಿ ಪ್ರೋಬಯಾಟಿಕ್ ಡ್ರಾಪ್ಸ್ (ಕರುಳಿಗೆ ಒಳ್ಳೆಯದೆಂದು ಕೊಡುವ ಸೂಕ್ಷ್ಮಜೀವಿಗಳ ಹನಿ) ಮಾತು ಜಾಸ್ತಿ ಆಗಿದೆ. ಮೆಡಿಕಲ್ ಶಾಪಿನಿಂದ ತಂದು ನೀವೇ ಹಾಕಬೇಡಿ.

ಇದು ಕೆಟ್ಟದ್ದು ಅಂತಲ್ಲ. 32 ವಾರಕ್ಕೆ ಮುಂಚೆ ಹುಟ್ಟಿ ಎದೆಹಾಲು ಕುಡಿಯುವ ಮಕ್ಕಳಿಗೆ ಕೊಡುವುದನ್ನು ಪರಿಶೀಲಿಸಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆಯೇ 2022ರಲ್ಲಿ ಹೇಳಿದೆ. ಕರುಳಿಗೆ ಹಾನಿ ಮಾಡುವ ಎನ್‌ಇಸಿ ಕಾಯಿಲೆ ತಡೆಯುವುದು ಮುಖ್ಯ ಉದ್ದೇಶ. ಆದರೆ ಈ ಡ್ರಾಪ್ಸ್‌ನಲ್ಲಿರುವುದು ಜೀವಂತ ಸೂಕ್ಷ್ಮಜೀವಿಗಳು. ಅಪರೂಪಕ್ಕೆ ರಕ್ತಕ್ಕೆ ಸೇರಿ ಸೋಂಕಾಗುತ್ತದೆ. ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2023ರಲ್ಲಿ ಎಚ್ಚರಿಸಿದ್ದು ಇದಕ್ಕೇ.

ಡಾಕ್ಟರನ್ನು ಕೇಳಿ: ನಮ್ಮ ಮಗುವಿಗೆ ಬೇಕಾ, ಯಾವುದು, ಎಷ್ಟು ದಿನ? ಈಗಾಗಲೇ ಕೊಡುತ್ತಿದ್ದರೆ ಬಾಟಲಿ ತೋರಿಸಿ. ಮಗು ಮಂಕಾದರೆ, ಹೊಟ್ಟೆ ಉಬ್ಬಿದರೆ, ಮಲದಲ್ಲಿ ರಕ್ತ ಕಂಡರೆ ಇಲ್ಲಿ ಮೆಸೇಜ್ ಹಾಕುತ್ತಾ ಕೂರಬೇಡಿ, ಸೀದಾ ಆಸ್ಪತ್ರೆಗೆ ಹೋಗಿ.

ನಾಳೆ ಸಂಜೆಯೊಳಗೆ ಎಲ್ಲರೂ ‘ಓದಿದೆ’ ಅಂತ ಹಾಕಿ.