ಅಪ್ಪನ ಕಣ್ಣಿನ ವಿಷಯ

ಇಸ್ತಾಂಬುಲ್, ಭಾನುವಾರ

ಅವ್ವಾ,

ನಾನು ಆರಾಮಾಗಿದ್ದೇನೆ. ಗಿರಿಜಕ್ಕ, ಬಸಣ್ಣ ಮಾವ ಎಲ್ಲರನ್ನೂ ಕೇಳಿದೆ ಅಂತ ಹೇಳು. ನಿನ್ನ ಪತ್ರ ಮೊನ್ನೆ ಬಂತು. ಅಪ್ಪ ಕಣ್ಣಿನ ಆಪರೇಷನ್ ಮತ್ತೆ ಮುಂದಕ್ಕೆ ಹಾಕಿದ್ದಾರೆ ಅಂತ ಓದಿದಾಗಿನಿಂದ ನನಗೆ ಸಮಾಧಾನವೇ ಇಲ್ಲ. ಎದುರಿಗೆ ಬಂದವರ ಮುಖವೂ ಕಾಣುವುದಿಲ್ಲ ಅಂದರೆ ಪೊರೆ ಅಷ್ಟು ಬಲಿತಿದೆ. ಈ ಪತ್ರವನ್ನು ಅಪ್ಪನಿಗೆ ಜೋರಾಗಿ ಓದಿ ಹೇಳು.

ಇವತ್ತು ಮನೆಯಲ್ಲಿ ಕೂರಲಾಗದೆ ಝೆಯ್ರೆಕ್ ಗುಡ್ಡ ಹತ್ತಿದೆ. ಅಲ್ಲಿ ಮೂರು ಹಳೇ ಚರ್ಚುಗಳು ಒಂದಕ್ಕೊಂದು ಅಂಟಿಕೊಂಡಿವೆ. ಈಗ ಅದು ಮಸೀದಿ. ಹಿಂದೆ ಈ ಊರನ್ನು ಆಳಿದ ಬೈಜಾಂಟಿನ್ ಸಾಮ್ರಾಜ್ಯದ ರಾಜ ಎರಡನೇ ಜಾನ್ ಮತ್ತು ಅವನ ರಾಣಿ ಐರೀನ್ ಕಟ್ಟಿಸಿದ ಮಠ ಅದು. ಅದಕ್ಕೊಂದು ಆಸ್ಪತ್ರೆಯೂ ಇತ್ತು. ಕಟ್ಟಡ ಉಳಿದಿಲ್ಲ. ಆದರೆ 1136ರಲ್ಲಿ ಜಾನ್ ಬರೆಸಿದ ನಿಯಮಗಳು ಉಳಿದಿವೆ. ಐವತ್ತು ಹಾಸಿಗೆ. ಅದರಲ್ಲಿ ಎಂಟು ಕಣ್ಣುನೋವಿನವರಿಗೆ ಮತ್ತು ಹೊಟ್ಟೆ ಕೆಟ್ಟವರಿಗೆ! ಹನ್ನೆರಡು ಹೆಂಗಸರಿಗೆ, ಅಲ್ಲಿಗೆ ಒಬ್ಬ ಲೇಡಿ ಡಾಕ್ಟರ್ ಕೂಡ. ಅವಳಿಗೆ ಗಂಡಸರಿಗಿಂತ ಕಡಿಮೆ ಸಂಬಳ, ಅದು ನನಗೆ ಸರಿ ಕಾಣಲಿಲ್ಲ. ಪ್ರತಿ ಹಾಸಿಗೆಗೆ ದಿಂಬು, ಹೊದಿಕೆ, ಚಳಿಗಾಲಕ್ಕೆ ಬೇರೆ ಕಂಬಳಿ. ಡಾಕ್ಟರರ ಕತ್ತಿಗಳನ್ನು ಸಾಣೆ ಹಿಡಿಯಲಿಕ್ಕೇ ಒಬ್ಬ ಆಳು. ಒಂಬೈನೂರು ವರ್ಷದ ಹಿಂದೆ, ಅವ್ವಾ. ಆಗಲೇ ಇಷ್ಟು ಕಾಳಜಿ ಇತ್ತು. ಈಗಿನ ಆಪರೇಷನ್‌ಗೆ ಅಪ್ಪ ಯಾಕೆ ಹೆದರಬೇಕು?

ನಮ್ಮ ಕೆಳಗಿನ ಮನೆಯ ಅಜ್ಜಿಗೂ ಹೋದ ವರ್ಷ ಇದೇ ಪೊರೆ ತೆಗೆದರು. ಬೆಳಿಗ್ಗೆ ಹೋಗಿ ಸಂಜೆಗೆ ಮನೆಗೆ ಬಂದರು. ಮೊನ್ನೆ ಕಿಟಕಿ ಪಕ್ಕ ಕೂತು, ನನ್ನೆದುರೇ ಸೂಜಿಗೆ ದಾರ ಪೋಣಿಸಿದರು. ಒಂದೇ ಸಲಕ್ಕೆ. ಅವರು ಮನೆಯಲ್ಲಿ ಗ್ರೀಕ್ ಮಾತಾಡುತ್ತಾರೆ. ಇಲ್ಲಿ ಅವರ ಜನಕ್ಕೆ 'ರೂಮ್' ಅಂತಾರೆ, ಅಂದರೆ ರೋಮಿನವರು. ಆ ಮಠ ಕಟ್ಟಿಸಿದ ಸಾಮ್ರಾಜ್ಯದವರೂ ತಮ್ಮನ್ನು ರೋಮನ್ನರು ಅಂತಲೇ ಕರೆದುಕೊಳ್ಳುತ್ತಿದ್ದರು. 'ಬೈಜಾಂಟಿನ್' ಅಂತ ಹೆಸರಿಟ್ಟವರು ಆಮೇಲಿನ ಪಂಡಿತರು. ಈ ಊರು 330ರಲ್ಲಿ ಅವರ ರಾಜಧಾನಿಯಾಗಿ, 1453ರಲ್ಲಿ ತುರ್ಕರ ಕೈಸೇರಿತು. ನಡುವೆ 1204ರಲ್ಲಿ ಕ್ರೈಸ್ತ ಸೈನಿಕರೇ ಬಂದು ಈ ಕ್ರೈಸ್ತ ಊರನ್ನು ದೋಚಿದರು. ಅಜ್ಜಿ ಆ ಮಾತು ಬಂದರೆ ಇವತ್ತಿಗೂ ನಿಟ್ಟುಸಿರು ಬಿಡುತ್ತಾರೆ. 'ಇಸ್ತಾಂಬುಲ್' ಅನ್ನೋದೂ ಗ್ರೀಕ್ ಮಾತಿನಿಂದಲೇ ಬಂದದ್ದಂತೆ. 'ಊರಿಗೆ' ಅಂತ ಅರ್ಥ. ನೀನು 'ಪೇಟೆಗೆ ಹೋಗಿ ಬರ್ತೀನಿ' ಅಂತೀಯಲ್ಲ, ಹಾಗೆಯೇ. ಇಲ್ಲಿಯ ದೊಡ್ಡ ಗುಮ್ಮಟದ ಆಯಾ ಸೋಫಿಯಾ ಮಸೀದಿ ಬಗ್ಗೆ ನೀನು ಕೇಳಿದ್ದೆ. ನೋಡಿದೆ, ಕತ್ತು ನೋಯುವಷ್ಟು ಹೊತ್ತು ಮೇಲೆ ನೋಡಿದೆ. ಅದನ್ನು ಇನ್ನೊಮ್ಮೆ ಬರೆಯುತ್ತೇನೆ.

ಅಪ್ಪನಿಗೆ ಇದನ್ನೂ ಹೇಳು. ನಮ್ಮ ಹಾನಗಲ್ ತಾಲೂಕಿನ ಅಕ್ಕಿಆಲೂರಿನಲ್ಲಿ ನೆಲದಲ್ಲಿ ಸಿಕ್ಕ ಚಿನ್ನದ ನಾಣ್ಯಗಳಲ್ಲಿ ಇದೇ ಊರಿನ ರಾಜರದೂ ಇದ್ದವು. ಇಲ್ಲಿಯ ಚಿನ್ನ ಅಲ್ಲಿಯ ತನಕ ಬಂದಿತ್ತು. ಹಾಗಿರುವಾಗ ಮಗಳು ದೂರ ಇದ್ದಾಳೆ ಅಂತ ಅಪ್ಪ ಕೊರಗುವುದು ಬೇಡ.

ದುಡ್ಡಿನ ಚಿಂತೆ ಬೇಡವೇ ಬೇಡ. ಸೋಮವಾರ ಹಣ ಹಾಕುತ್ತೇನೆ. ಆಪರೇಷನ್‌ಗೂ, ಔಷಧಿಗೂ, ಕನ್ನಡಕಕ್ಕೂ ಸಾಕಾಗುತ್ತದೆ. ನನಗೆ ಇಲ್ಲಿ ಏನೂ ತೊಂದರೆ ಇಲ್ಲ. ಊಟ ಚೆನ್ನಾಗಿದೆ, ಚಳಿ ಜಾಸ್ತಿ ಇಲ್ಲ, ದಪ್ಪ ಕೋಟು ಇದೆ, ನಿದ್ದೆಯೂ ಬರುತ್ತದೆ. ಹೆದರಬೇಡ. ಪಕ್ಕದೂರಲ್ಲಿ ಯಾರಿಗೋ ಕಣ್ಣು ಹೋಯಿತು ಅನ್ನೋ ಸುದ್ದಿಯನ್ನು ಸುಮ್ನೆ ತಲೆಗೆ ಹಚ್ಚಿಕೊಳ್ಳಬೇಡಿ. ಡಾಕ್ಟರ್ ಕೊಟ್ಟ ದಿನ ಬಸಣ್ಣ ಮಾವನೇ ಜೊತೆಗೆ ಹೋಗಲಿ. ಸಕ್ಕರೆ ಕಾಯಿಲೆಯ ಮಾತ್ರೆ ಬಗ್ಗೆ ಮೊದಲೇ ಕೇಳಿಕೊಳ್ಳಿ, ಮರೆಯಬೇಡಿ.

ದೋಣಿಗೆ ಹೊತ್ತಾಯಿತು, ನಿಲ್ಲಿಸುತ್ತೇನೆ. ತಾರೀಖು ಗೊತ್ತಾದ ಕೂಡಲೇ ಫೋನ್ ಮಾಡು, ರಾತ್ರಿಯಾದರೂ ಸರಿ.

ನಿನ್ನ
ಸುಮಾ