ಶಾಲೆಗೆ ಬೇಡವಾದ ಹುಡುಗರು: ಲಂಡನ್ನಿಂದ ಅಕ್ಕನಿಗೆ

ಪ್ರೀತಿಯ ಅಕ್ಕನಿಗೆ ನಮಸ್ಕಾರಗಳು.

ನಾವಿಲ್ಲಿ ಕ್ಷೇಮ. ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, "ರಜೆ ಹಾಕಿ ಪುಂಡ ಹುಡುಗರಿಗೆ ಹಾಡು ಕಟ್ಟೋದು ಕಲಿಸ್ತೀಯಂತೆ, ಅದರಿಂದ ಅವರ ಹೊಟ್ಟೆ ತುಂಬುತ್ತಾ?" ಅಂತ. ಅಮ್ಮ ಪಕ್ಕದಲ್ಲಿದ್ದಳು, ಸುಮ್ನೆ ನಕ್ಕುಬಿಟ್ಟೆ. ಈಗ ನಿಧಾನವಾಗಿ ಬರೆಯುತ್ತೇನೆ.

ಇಂಗ್ಲೆಂಡಿನಲ್ಲಿ ಹೆಡ್‌ಮಾಸ್ಟರು ಮಗುವನ್ನು ಶಾಲೆಯಿಂದ ಶಾಶ್ವತವಾಗಿ ಹೊರಗೆ ಹಾಕಬಹುದು. ನಮ್ಮಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆ ಬಂದ ಮೇಲೆ ಎಂಟನೇ ಕ್ಲಾಸು ಮುಗಿಯುವ ತನಕ ಅದಕ್ಕೆ ಅವಕಾಶವಿಲ್ಲ, ನಿನಗೇ ಗೊತ್ತು. ಇಲ್ಲಿ ಹಾಗೆ ಹೊರಬಿದ್ದ ಮಕ್ಕಳಿಗೆ ಆರನೇ ದಿನದಿಂದ ಬೇರೆ ಕಡೆ ಪಾಠದ ವ್ಯವಸ್ಥೆ ಮಾಡಬೇಕಾದ್ದು ಅಲ್ಲಿನ ಸ್ಥಳೀಯ ಆಡಳಿತದ, ಅಂದರೆ ಕೌನ್ಸಿಲ್ಲಿನ, ಹೊಣೆ. ಅದಕ್ಕೆಂದೇ ಇರುವ ಸಣ್ಣ ಶಾಲೆಗಳಿಗೆ ಪ್ಯೂಪಿಲ್ ರೆಫರಲ್ ಯೂನಿಟ್ ಅನ್ನುತ್ತಾರೆ. ನಾನು ಹೋಗುವುದು ಅಂಥದ್ದೊಂದಕ್ಕೆ.

ಪುಂಡರು ಅಂದೆಯಲ್ಲ, 2019ರಲ್ಲಿ ಮಾಜಿ ಮಂತ್ರಿ ಎಡ್ವರ್ಡ್ ಟಿಂಪ್ಸನ್ ಸರ್ಕಾರಕ್ಕೆ ಕೊಟ್ಟ ವರದಿ ಕೇಳು. ಶಾಶ್ವತವಾಗಿ ಹೊರಹಾಕಿದ ಪ್ರಕರಣಗಳಲ್ಲಿ ಶೇ. 78ರಷ್ಟು ಮೂರು ಬಗೆಯ ಮಕ್ಕಳದ್ದು: ಕಲಿಕೆಗೆ ವಿಶೇಷ ನೆರವು ಬೇಕಾದವರು, ಮನೆಯ ತೊಂದರೆಯಿಂದ ಸರ್ಕಾರದ ಆಸರೆ ಬೇಕಾದವರು, ಬಡತನಕ್ಕೆ ಶಾಲೆಯಲ್ಲಿ ಉಚಿತ ಊಟ ಪಡೆಯುವವರು. ಕೆರಿಬಿಯನ್ ಮೂಲದ ಹುಡುಗರೂ ಜಾಸ್ತಿ ಹೊರಬೀಳುತ್ತಾರೆ.

ನಮ್ಮ ಕೋಣೆಯಲ್ಲಿರುವುದು ಒಂದು ಲ್ಯಾಪ್‌ಟಾಪು, ಒಂದು ಮೈಕು, ನಾಲ್ಕಾರು ಹೆಡ್‌ಫೋನು. ಹುಡುಗರಿಗೆ ಬೇಕಾದ್ದು ಡ್ರಿಲ್ ಅನ್ನುವ ರ‍್ಯಾಪು. ನನ್ನ ಕಿವಿಗೆ ಅದು ಈಗಲೂ ಕರ್ಕಶವೇ. ಒಬ್ಬನಿದ್ದಾನೆ, ಹದಿನೈದರವನು. ಪೆನ್ನು ಕೊಟ್ಟರೆ ಎಸೆಯುತ್ತಿದ್ದ. ಅವನೇ ಫೋನಿನಲ್ಲಿ ಸಾಲು ಬರೆದುಕೊಂಡು ಬಂದ. ಹಾಡಿದರೆ ಸಾಲು ತಾಳಕ್ಕಿಂತ ಉದ್ದ. ರೆಕಾರ್ಡಿಂಗಿನಲ್ಲಿ ಅವನ ಭಾಗಕ್ಕೆ ಇದ್ದದ್ದು ಅರ್ಧ ನಿಮಿಷ ಅಷ್ಟೇ. ಡ್ರಿಲ್‌ನಲ್ಲಿ ನಿಮಿಷಕ್ಕೆ ಸುಮಾರು 140 ಪೆಟ್ಟು. ಅವನದು 16 ಬಾರ್, ಅಂದರೆ ತಾಳದ ಸುತ್ತು, ಒಂದೊಂದಕ್ಕೆ ನಾಲ್ಕು ಪೆಟ್ಟು, ಒಟ್ಟು 64. "ಹಾಗಾದರೆ ಎಷ್ಟು ಸೆಕೆಂಡು ಬೇಕು?" ಅಂತ ಕೇಳಿದೆ. ಫೋನಿನಲ್ಲಿ ಲೆಕ್ಕ ಹಾಕಿ "ಇಪ್ಪತ್ತೇಳು, ಸಾಲುತ್ತೆ" ಅಂದ. ಆಮೇಲೆ ಕೂತು ಒಂದೊಂದೇ ಪದ ಕಡಿದ, ಬದಲಾಯಿಸಿದ, ಮತ್ತೆ ಹಾಡಿದ. ಶಾಲೆಯಲ್ಲಿ ತಪ್ಪಾದರೆ ಕೆಂಪು ಗೆರೆ, ಇಲ್ಲಿ ತಪ್ಪಾದರೆ ಇನ್ನೊಂದು ಟೇಕು. ಅವನಿಗೆ ಹಿಡಿಸಿದ್ದು ಅದೇ ಇರಬೇಕು.

ಕಳೆದ ವರ್ಷ ಕೆಲವರಿಗೆ ಆರ್ಟ್ಸ್ ಅವಾರ್ಡ್‌ನ ಬ್ರಾಂಜ್ ಮಾಡಿಸಿದೆವು. 2005ರಲ್ಲಿ ಶುರುವಾದ ಸರ್ಟಿಫಿಕೇಟು ಅದು. ಒಂದು ಕಲೆ ಮಾಡಬೇಕು, ಒಂದು ಪ್ರದರ್ಶನ ನೋಡಬೇಕು, ಮೆಚ್ಚಿನ ಕಲಾವಿದರ ಬಗ್ಗೆ ಹುಡುಕಿ ಬರೆಯಬೇಕು, ಕಲಿತದ್ದನ್ನು ಇನ್ನೊಬ್ಬರಿಗೆ ಕಲಿಸಬೇಕು. ಕೊನೆಯದು ಎಲ್ಲಕ್ಕಿಂತ ಚೆನ್ನಾಗಿ ನಡೆಯಿತು. ಮೇಷ್ಟ್ರಾಗಿ ನಿಂತಾಗ ಅವರು ನನಗಿಂತ ಬಿಗಿ!

ಕ್ಯಾಮ್ಡೆನ್‌ನ ರೌಂಡ್‌ಹೌಸ್‌ಗೂ ಕರೆದುಕೊಂಡು ಹೋಗಿದ್ದೆವು. 1847ರಲ್ಲಿ ರೈಲು ಎಂಜಿನ್‌ಗಳಿಗೆ ಕಟ್ಟಿದ ದುಂಡನೆಯ ಶೆಡ್ಡು ಅದು. ಆಮೇಲೆ ಹೆಂಡದ ಗೋದಾಮಾಗಿ, ನಾಟಕ ಸಂಗೀತದ ಜಾಗವಾಗಿ, ಮುಚ್ಚಿ, 2006ರಲ್ಲಿ ಮತ್ತೆ ತೆರೆಯಿತು. ಮೇಲೆ ಹೆಸರುವಾಸಿ ಗಾಯಕರ ವೇದಿಕೆ, ಕೆಳಗೆ ಎಳೆಯರಿಗೆ ಸ್ಟುಡಿಯೊಗಳು. ಉಪಕರಣ ಒಂದೂ ಹಳೇ ಸಾಮಾನಲ್ಲ. ಬಡ ಹುಡುಗರಿಗೆ ಇಷ್ಟು ಸಾಕು ಅನ್ನುವ ಮನಸ್ಸು ಅಲ್ಲಿ ಕಾಣಲಿಲ್ಲ.

ಆದರೂ ನಿನ್ನ ಪ್ರಶ್ನೆಯಲ್ಲಿ ಅರ್ಧ ಸತ್ಯವಿದೆ. ಒಮ್ಮೆ ಒಬ್ಬರು, "ಇವರಿಗೆ ವಿಜ್ಞಾನ ಯಾಕೆ, ಸಂಗೀತವೇ ಸಾಕು" ಅಂದರು. ನನಗೆ ಸಿಟ್ಟು ಬಂತು. ಇಂಗ್ಲಿಷು, ಗಣಿತದ ಜಿಸಿಎಸ್‌ಇ (ನಮ್ಮ ಎಸ್ಸೆಸ್ಸೆಲ್ಸಿ ಥರದ ಪರೀಕ್ಷೆ) ಪಾಸಾಗದೆ ಇಲ್ಲಿ ಒಳ್ಳೆಯ ಕೋರ್ಸು, ಕೆಲಸ ಎರಡೂ ಕಷ್ಟ. ಹಾಡು ಕೊಟ್ಟು ಪುಸ್ತಕ ಕಿತ್ತುಕೊಂಡರೆ ಅದೂ ಒಂದು ಥರ ಹೊರಹಾಕಿದ್ದೇ ಅಲ್ವಾ?

ಶಾಲೆ ಬಿಟ್ಟ ಮಕ್ಕಳಿಗೆ ಅಂತ ನಡೆಸುತ್ತಿದ್ದ ಚಿಣ್ಣರ ಅಂಗಳದಲ್ಲಿ ನೀನು ಕುರಿ ಕಾಯುವ ಹುಡುಗರಿಗೆ ಹಾಡು ಹೇಳಿಸಿಯೇ ಅಕ್ಷರ ಕಲಿಸಿದ್ದೆ. ಆದರೆ ಅಲ್ಲಿಂದ ಮುಂದೆ ಅವರು ಮಾಮೂಲಿ ಶಾಲೆಗೆ ಸೇರುತ್ತಿದ್ದರು. ಇಲ್ಲಿ ಆ ದಾರಿ ಬಹಳ ಕಿರಿದು. ಹೊರಬಿದ್ದವರನ್ನು ಮತ್ತೆ ಸೇರಿಸಿಕೊಳ್ಳಲು ಶಾಲೆಗಳು ಹಿಂದೆ ಮುಂದೆ ನೋಡುತ್ತವೆ. ಆಗ ನೀನು ಹೆಡ್‌ಮಾಸ್ಟರುಗಳನ್ನು ಹೇಗೆ ಒಪ್ಪಿಸುತ್ತಿದ್ದೆ, ಮಕ್ಕಳು ಸೇರಿದ ಮೇಲೆ ನೋಡಿಕೊಂಡು ಬರುತ್ತಿದ್ದೆಯಾ, ವಿವರವಾಗಿ ಬರೆ. ನಮ್ಮ ಮುಂದಿನ ಸಭೆಯಲ್ಲಿ ಹೇಳಬೇಕು.

ಅಮ್ಮನ ಕಣ್ಣಿನ ಆಪರೇಷನ್ ಯಾವಾಗ ಅಂತ ಬಾವ ಹೇಳಲೇ ಇಲ್ಲ. ದಿನ ಗೊತ್ತಾದ ತಕ್ಷಣ ತಿಳಿಸಿ, ಟಿಕೆಟ್ ನೋಡುತ್ತೇನೆ.

ನಿನ್ನ ತಮ್ಮ