ಮಾಗಿಚಳಿಯಲ್ಲಿ ಸೊಳ್ಳೆಮರಿ ಔಷಧ: ಬರುವ ದಿನ, ಹೊತ್ತು ಎರಡೂ ಬದಲು

ಮಾನ್ಯ ಗ್ರಾಹಕರೇ,

ಡಿಸೆಂಬರ್ 1ರಿಂದ ಫೆಬ್ರವರಿ 15ರವರೆಗೆ ಟಾಕಿ, ಹೊಂಡಗಳಿಗೆ ಸೊಳ್ಳೆಮರಿ ಔಷಧ ಹಾಕುವ ನಮ್ಮ ಹುಡುಗರು ಬೆಳಗ್ಗೆ ಏಳಕ್ಕೆ ಬರುವುದಿಲ್ಲ, ಹನ್ನೊಂದರ ಮೇಲೆ ಬರುತ್ತಾರೆ. ಅದೂ ವಾರಕ್ಕೊಮ್ಮೆ ಅಲ್ಲ, ಹತ್ತು ದಿನಕ್ಕೊಮ್ಮೆ. ಒಂದು ಸಲದ ದರ ಹಿಂದಿನದೇ. ಮುಂಗಡ ಕಟ್ಟಿದವರ ಉಳಿಕೆ ಮಾರ್ಚ್ ಬಿಲ್ಲಿಗೆ ಜಮಾ ಆಗುತ್ತದೆ.

"ಚಳಿಗೆ ಔಷಧ ಸತ್ತೋಗ್ತದಾ?" ಎಂದು ಹಲವರು ಕೇಳಿದ್ದೀರಿ. ಇಲ್ಲ. ನಾವು ಹಾಕುವ ಬಿಟಿಐ, 1976ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯಲ್ಲಿ ಸಿಕ್ಕ ಬ್ಯಾಕ್ಟೀರಿಯಾದ್ದು. ಕೊಲ್ಲುವುದು ಅದರೊಳಗಿನ ಪ್ರೋಟೀನ್ ಹರಳು. ಮರಿಯ ಕ್ಷಾರೀಯ ಹೊಟ್ಟೆಯಲ್ಲಿ ಕರಗಿ ಕರುಳಿನ ಗೋಡೆ ಒಡೆಯುತ್ತದೆ. ಮೈಗೆ ತಾಗಿದರೆ ಏನೂ ಆಗದು, ಮರಿ ತಿನ್ನಲೇಬೇಕು. ತಣ್ಣೀರಿನಲ್ಲಿ ಹರಳು ಕೆಡುವುದಿಲ್ಲ, ಮರಿಯ ಬಾಯಿ ನಿಧಾನವಾಗುತ್ತದೆ. ಏಡಿಸ್ ವೆಕ್ಸಾನ್ಸ್ ಸೊಳ್ಳೆಯ ಮರಿಗಳ ಮೇಲೆ 5 ಡಿಗ್ರಿ ನೀರಿನಲ್ಲಿ ಇದರ ಪರಿಣಾಮ 25 ಡಿಗ್ರಿಯಲ್ಲಿ ಇರುವುದರ ಹತ್ತನೇ ಒಂದು ಭಾಗದಷ್ಟೇ. ಶಿರಸಿಯ ನೀರು ಅಷ್ಟೆಲ್ಲ ತಣ್ಣಗಾಗುವುದಿಲ್ಲ, ಬಿಡಿ. ಆದರೂ ತೋಟದ ನೆರಳಿನ ಸಿಮೆಂಟ್ ಟಾಕಿಯಲ್ಲಿ ಮುಂಜಾನೆ ಕೈ ಅದ್ದಿದವರಿಗೆ ಗೊತ್ತು.

ಇತ್ತ ಹರಳು ನೀರಿನಲ್ಲಿ ಮೇಲೆಯೇ ತೇಲಿಕೊಂಡು ಕಾಯುವುದಿಲ್ಲ. ಪುಡಿ ಕಲಸಿ ಹಾಕಿದರೆ ಒಂದೆರಡು ದಿನದಲ್ಲಿ ತಳ ಸೇರುತ್ತದೆ, ಕೊಳೆತ ಎಲೆಗೆ ಅಂಟಿಕೊಳ್ಳುತ್ತದೆ. ಬಿಸಿಲಿಗೂ ಕೆಡುತ್ತದೆ, ನಿಜ. ಆದರೆ ಅಷ್ಟರೊಳಗೆ ಮರಿಯ ಹೊಟ್ಟೆ ಸೇರಿದರೆ ಸಾಕು. ನೀರು ಸ್ವಲ್ಪ ಬೆಚ್ಚಗಾಗಿ ಮರಿಗಳು ಚುರುಕಾಗಿ ತಿನ್ನುವ ಹೊತ್ತಿಗೇ ಹಾಕುವುದು ಅದಕ್ಕಾಗಿ.

ಹತ್ತು ದಿನದ ಲೆಕ್ಕವೂ ಚಳಿಯದ್ದೇ. 27 ಡಿಗ್ರಿ ನೀರಿನಲ್ಲಿ ವಾರದೊಳಗೆ ಕೋಶವಾಗುವ (ರೆಕ್ಕೆ ಬಂದು ಹಾರುವ ಮುಂಚಿನ ಹಂತ) ಮರಿಗೆ 18 ಡಿಗ್ರಿಯಲ್ಲಿ ಎರಡು ವಾರವಾದರೂ ಬೇಕು. ಹಾಗಾಗಿ ನಡುವೆ ತಪ್ಪಿಸಿಕೊಂಡು ಹಾರುವುದು ಕಷ್ಟ.

ಒಂದು ಸಂಗತಿ ಮಾತ್ರ ನೀವೇ ನೋಡಬೇಕು. ಸ್ಟೀಲ್ ಬೋಗುಣಿಯಲ್ಲಿ ಟಾಕಿಯ ಮೇಲಿನ ನೀರು ತೆಗೆದು ನೋಡಿ. ತಲೆಕೆಳಗಾಗಿ ಜೋತುಬಿದ್ದು, ನೆರಳು ಬಿದ್ದೊಡನೆ ಬಳುಕಿ ಕೆಳಗಿಳಿಯುವವು ಮರಿಗಳು, ಔಷಧ ಇವಕ್ಕೆ. ಅಲ್ಪವಿರಾಮ ಚಿಹ್ನೆಯ ಹಾಗೆ ಬಾಗಿದ, ದಪ್ಪ ತಲೆಯವು ಕೋಶಗಳು. ಅವು ಏನೂ ತಿನ್ನುವುದಿಲ್ಲ, ಸಾಯುವುದೂ ಇಲ್ಲ. ಅಂಥವು ತುಂಬಾ ಕಂಡರೆ ಔಷಧಕ್ಕೆ ಕಾಯಬೇಡಿ, ನೀರು ಚೆಲ್ಲಿ ಟಾಕಿ ಉಜ್ಜಿ.

ಸಗಣಿ ಗುಂಡಿ, ಬಚ್ಚಲು ನೀರಿನ ಹೊಂಡಗಳಿಗೆ ಬೇರೆಯದೇ ಔಷಧ, ಬಿ. ಸ್ಫೇರಿಕಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾದ್ದು. ಹೊಲಸು ನೀರಿನಲ್ಲೂ ವಾರಗಟ್ಟಲೆ ನಿಲ್ಲುತ್ತದೆ, ಕ್ಯೂಲೆಕ್ಸ್ ಸೊಳ್ಳೆಗೆ ಅದೇ ಸೈ. ಡೆಂಗಿ ಹರಡುವ ಏಡಿಸ್ ಈಜಿಪ್ಟಿಗೆ ಅಷ್ಟಾಗಿ ನಾಟದು. ಅದಕ್ಕಾಗಿಯೇ ಟಾಕಿಗೆ ಅದನ್ನು ಹಾಕುವುದಿಲ್ಲ. ಅದನ್ನೇ ಪದೇಪದೇ ಹಾಕಿದರೆ ಮರಿಗಳು ಒಗ್ಗಿಕೊಳ್ಳುವುದೂ ಉಂಟು, ಕೊಚ್ಚಿಯಲ್ಲಿ 1990ರ ದಶಕದಲ್ಲಿ ಹಾಗಾಗಿತ್ತು. ಈ ಹೊಂಡಗಳಿಗೂ ಆಗಾಗ ಬಿಟಿಐ ಬೀಳುತ್ತದೆ, ಗಾಬರಿ ಬೇಡ.

ಅಡಿಕೆ ಕೊಯ್ಲಿನ ಗಡಿಬಿಡಿಯಲ್ಲಿ ಹನ್ನೊಂದಕ್ಕೆ ಮನೆಯಲ್ಲಿ ಯಾರೂ ಇರುವುದಿಲ್ಲ ಎನ್ನುವವರು ಟಾಕಿಯ ಮುಚ್ಚಳ ತೆಗೆದಿಟ್ಟು, ನಾಯಿ ಕಟ್ಟಿ ಹೋದರೆ ಸಾಕು.

ಇಂತಿ,
ಕಾರ್ಯದರ್ಶಿ, ಶಿರಸಿ